ನಮಗೆ ಸೀಟು ಸಿಕ್ತು

ಒಂದೂರು, ಆ ಊರಲ್ಲೊಬ್ಬ ಶ್ರೀಮಂತ. ಯಾವ ಊರು ಅಂತ ಮಾತ್ರ ಕೇಳಬೇಡಿ. ಹೇಳಿದ್ರೆ ನಾಳೆಯಿಂದ ನಮ್ಮ ಮಠದ ದಾಸೋಹಕ್ಕೆ ಅಕ್ಕಿ ಮೂಟೆ ಬರೋದು ನಿಂತುಹೋಗುತ್ತೆ. ಗುಡ್ಡ ಒಡೆದು, ಕಲ್ಲು ಮಾರಿ ದೊಡ್ಡವನಾದ ಮನುಷ್ಯ. ಕೆಟ್ಟವನಲ್ಲ ನೋಡಿ. ದಾನ ಧರ್ಮ ಮಾಡ್ತಿದ್ದ. ಮಾಡಿದ ದಾನಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತಿಸ್ತಿದ್ದ. ಕಲ್ಲು ಹೇಗೂ ಅವನದೇ ತಾನೆ?

ಅವನಿಗೆ ಒಬ್ಬನೇ ಮಗ. ಆ ಮಗ ಹುಟ್ಟಿದ ದಿನದಿಂದ ಈ ಪುಣ್ಯಾತ್ಮನ ಬಾಯಿಗೆ ಒಂದು ಶಬ್ದ ಅಂಟಿಕೊಂಡ್ತು. ಯಾವ ಶಬ್ದ? 'ನಾವು'. ಮಗುವಿಗೆ ಹಲ್ಲು ಬಂತು. ಇವನು ಬೀದಿಲಿ ನಿಂತು, ನಮಗೆ ಹಲ್ಲು ಬಂತು ಅಂದ. ಮೀಸೆ ಹಣ್ಣಾಗ್ತಿರೋ ಗಂಡಸಿಗೆ ಹಲ್ಲು ಬಂತಂತೆ. ಮಗ ಎಸ್ಸೆಸ್ಸೆಲ್ಸಿ ಪಾಸಾದ. ನಾವು ಡಿಸ್ಟಿಂಕ್ಷನ್ ಅಂದ. ಇದನ್ನೇ ಕೇಳ್ಕೊಂಡು ಬೆಳೆದ ಹುಡುಗನಿಗೆ 'ನಾನು' ಅನ್ನೋ ಮಾತೇ ಬಾಯಿಗೆ ಬರ್ತಿರಲಿಲ್ಲ. ಏನು ತಿಂತೀಯಪ್ಪ ಅಂತ ಯಾರಾದ್ರೂ ಕೇಳಿದ್ರೆ ಅಪ್ಪನ ಮುಖ ನೋಡೋನು.

ಒಂದು ಆಸೆ ಮಾತ್ರ ಅವನ ಸ್ವಂತದ್ದಿತ್ತು. ಅಪ್ಪ ಲಾರಿಗೆ ತುಂಬಿಸೋ ಕಲ್ಲಿನ ಚೂರನ್ನ ಇವನು ಅಂಗೈಲಿಟ್ಕೊಂಡು ತಿರುಗಿಸಿ ತಿರುಗಿಸಿ ನೋಡೋನು. ಇದು ಕಪ್ಪಗೆ ಯಾಕಿದೆ, ಅದು ಕೆಂಪಗೆ ಯಾಕಿದೆ, ಇವೆಲ್ಲ ಭೂಮಿ ಒಳಗೆ ಹುಟ್ಟಿದ್ದು ಹೇಗೆ? ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜಿಯಾಲಜಿ ಓದಬೇಕು ಅಂತ ಹೆದರ್ತಾ ಹೆದರ್ತಾ ಅಪ್ಪನಿಗೆ ಹೇಳಿದ. ಅಪ್ಪ ಒಪ್ಪಿದ. ಯಾಕೆ ಒಪ್ಪಿದ? ಮಗನ ಆಸೆ ಅಂತಾನಾ? ನೀವು ಎಷ್ಟು ಒಳ್ಳೆಯವರು. ದುಡ್ಡಿಗೆ ಸಿಗೋ ಸೀಟು ಆ ಊರಿನ ಸಾಹುಕಾರರ ಮಕ್ಕಳಿಗೆಲ್ಲ ಸಿಕ್ಕಿತ್ತು. ಇದು ದುಡ್ಡಿಗೆ ಸಿಗದ ಸೀಟು, ಪ್ರವೇಶ ಪರೀಕ್ಷೆ ಬರೆದು ಗೆಲ್ಲಬೇಕಾದ ಸೀಟು. ಎಲ್ಲಾ ಕೊಂಡಾದ ಮೇಲೆ ಮನುಷ್ಯನಿಗೆ ಕೊಳ್ಳೋಕಾಗದ್ದೇ ಬೇಕು ಅನ್ನಿಸುತ್ತೆ.

ಹುಡುಗ ಹಗಲು ರಾತ್ರಿ ಓದಿದ, ಹೋಗಿ ಬರೆದ. ಅಪ್ಪ ಪರೀಕ್ಷಾ ಕೇಂದ್ರದ ಹೊರಗೆ ಹೊಂಗೆ ಮರದ ಕೆಳಗೆ ಎಳನೀರು ಕುಡೀತಾ ಕೂತಿದ್ದ. ಸಾಯಂಕಾಲ ಊರಿಗೆಲ್ಲ ಫೋನು ಮಾಡಿ, ನಾವು ಚೆನ್ನಾಗಿ ಬರೆದಿದೀವಿ ಅಂದ. ಸೀಟು ಸಿಕ್ತು. ಬಸ್ ಸ್ಟ್ಯಾಂಡಲ್ಲಿ ಫ್ಲೆಕ್ಸ್ ಎದ್ದುನಿಂತಿತು. ಅದರಲ್ಲಿ ಅಪ್ಪ ಆಳೆತ್ತರಕ್ಕೆ ಕೈ ಮುಗಿದು ನಿಂತಿದಾನೆ. ಸೀಟು ಸಿಕ್ಕ ಹುಡುಗ ಎಲ್ಲಿ ಅಂತ ಹುಡುಕಿದ್ರೆ ಮೂಲೇಲಿ, ಅಂಚೆಚೀಟಿಯಷ್ಟು.

ದಾಖಲಾತಿ ದಿನ ಮೇಜಿನ ಹಿಂದೆ ಕೂತಿದ್ದ ಮೇಡಂ ಹುಡುಗನ ಹೆಸರು ಕೇಳಿದ್ರು, ಅಪ್ಪ ಹೇಳಿದ. ಯಾವ ವಿಷಯ ಅಂದ್ರು, ಅಪ್ಪ ಹೇಳಿದ. ಆಯಮ್ಮ ಕನ್ನಡಕ ತೆಗೆದು ಕೇಳಿದ್ರು, "ಓದೋರು ನೀವಾ, ಅವನಾ?"

"ನಾವೇ ಮೇಡಂ," ಅಂದ ಅಪ್ಪ. ನಾಚಿಕೆ ಆಯ್ತು. ಅವನಿಗಲ್ಲ, ಮಗನಿಗೆ.

ಹಾಸ್ಟೆಲಲ್ಲಿ ರೂಮಿಗೆ ಮೂರು ಹುಡುಗರು, ಮೂರು ಮಂಚ. ಅಪ್ಪ ಬೇರೆ ಹುಡುಗನ ಹಾಸಿಗೆ ಸರಿಸಿ, ಮಗನ ಹಾಸಿಗೆಯನ್ನ ಕಿಟಕಿ ಪಕ್ಕಕ್ಕೆ ಹಾಕಿಸಿದ. ನಮಗೆ ಗಾಳಿ ಬೇಕು ಅಂದ. ಅಷ್ಟಕ್ಕೆ ಊರಿಗೆ ಹೋದ್ನಾ? ಇಲ್ಲ. ನಾವಿನ್ನೂ ಇಲ್ಲಿಗೆ ಒಗ್ಗಿಲ್ಲ ಅಂತ ಗೇಟಿನ ಎದುರಿನ ಲಾಡ್ಜಲ್ಲೇ ಠಿಕಾಣಿ ಹೂಡಿದ. ದಿನಾ ಸಾಯಂಕಾಲ ಕಾರಲ್ಲಿ ಕೂರಿಸ್ಕೊಂಡು ಮಗನಿಗೆ ಟಿಫಿನ್ ಕ್ಯಾರಿಯರ್ ಬಿಚ್ಚಿ ಬಡಿಸೋನು. ರೂಮಿನ ಹುಡುಗರು ಬಾರೋ ಮೆಸ್ಸಿಗೆ ಅಂತ ಕರೆದ್ರೆ, ಅಪ್ಪಾಜಿ ಬರ್ತಾರೆ ಅನ್ನೋನು ಇವನು. ನಾಲ್ಕು ದಿನ ಕರೆದ್ರು. ಆಮೇಲೆ ಯಾರು ಕರೀತಾರೆ?

ಮೊದಲನೇ ಕ್ಲಾಸಲ್ಲಿ ಮೇಷ್ಟ್ರು, ಒಬ್ಬೊಬ್ಬರೇ ಎದ್ದು ನಿಮ್ಮ ಪರಿಚಯ ಹೇಳಿ ಅಂದಿದ್ರು. ಇವನ ಸರದಿ ಬಂತು. ಎದ್ದ. ಅಕ್ಕಪಕ್ಕ ನೋಡಿದ, ಅಪ್ಪ ಇಲ್ಲ. "ನಾವು..." ಅಂದ, ಮುಂದೆ ಮಾತು ಹೊರಡಲಿಲ್ಲ. ಯಾವ ಸಂಸ್ಥಾನದ ಮಹಾರಾಜರೋ ಅಂತ ಹಿಂದಿನ ಬೆಂಚು ನಕ್ತು. ಅವತ್ತಿಂದ ಅವನ ಹೆಸರೇ 'ನಾವು'. ನಾವು ಬಂದ್ರು ದಾರಿ ಬಿಡ್ರೋ, ನಾವು ಸ್ನಾನಕ್ಕೆ ಹೊರಟ್ರು ಬಿಸಿನೀರು ಕಾಯಿಸ್ರೋ. ಅಷ್ಟು ಜನರ ಮಧ್ಯೆ ಆ ಹುಡುಗ ಒಂಟಿಯಾದ. ಪುಸ್ತಕ ತೆರೆದ್ರೆ ಅಕ್ಷರ ಕಾಣದ ಹಾಗಾಯ್ತು.

ಯಾರದ್ದೋ ಫೋನು ಹೊಡ್ಕೊಳ್ತಿದೆ. ಎತ್ತಿ ಹೇಳಿ ತಾಯಿ, ನಾವು ಪ್ರವಚನದಲ್ಲಿದೀವಿ ಅಂತ.

ಮೊದಲ ಟೆಸ್ಟ್ ಬಂತು. ಹುಡುಗ ಫೇಲಾದ. ಹುಟ್ಟಿದ ಮೇಲೆ ಮೊದಲನೇ ಸಲ ಸೋತಿದ್ದ. ಅಂಕ ಹೀಗೇ ಬಂದ್ರೆ ಸೀಟು ಉಳಿಯುತ್ತಾ, ಇಲ್ಲಿ ನನ್ನ ಕೈಲಿ ಆಗುತ್ತಾ ಅನ್ನೋ ಭಯ. ಕಾರಲ್ಲಿ ಕೂತು, ತುತ್ತು ಬಾಯಿಗಿಡದೆ, ಅಪ್ಪನ ಕಡೆ ತಿರುಗಿ ಹೇಳಿದ, "ಅಪ್ಪಾಜಿ, ನಾನು ಫೇಲಾದೆ."

ಕೇಳಿದ್ರಾ? 'ನಾನು' ಅಂದ. ಅಪ್ಪ ಅದನ್ನ ಕೇಳಿಸಿಕೊಳ್ಳಲಿಲ್ಲ. ಅವನಿಗೆ ಕೇಳಿಸಿದ್ದು 'ಫೇಲು' ಒಂದೇ.

"ನೀನು ಫೇಲಾದ್ಯಾ?" ಅಂದ ಅಪ್ಪ.

ನೋಡಿ, ಎಂಥಾ ಚಮತ್ಕಾರ. ಹದಿನೆಂಟು ವರ್ಷ ಬಾಯಿಗೆ ಅಂಟಿದ್ದ 'ನಾವು' ಒಂದೇ ಕ್ಷಣಕ್ಕೆ ಕಳಚಿ ಬಿತ್ತು. ಹಲ್ಲು ಬಂದಾಗ ನಾವು, ಸೀಟು ಸಿಕ್ಕಾಗ ನಾವು, ಫೇಲಾದಾಗ ನೀನು. ಮಗನ ಮುಂದೇನೇ ಭಾವಮೈದನಿಗೆ ಫೋನು ಹಚ್ಚಿದ. ಅವನು ಓದ್ಲಿಲ್ಲ, ಅವನಿಗೆ ನಾನೇನು ಕಮ್ಮಿ ಮಾಡಿದ್ದೆ, ಅವನು ನನ್ನ ಮಾನ ಕಳೆದ ಅಂತ ಹೇಳ್ತಾನೇ ಹೋದ. ಪಕ್ಕದಲ್ಲಿ ಕೂತ ಹುಡುಗ ಮೂರನೇ ಮನುಷ್ಯನಾಗಿಬಿಟ್ಟ. ಗೆದ್ದೆತ್ತಿನ ಬಾಲ ಹಿಡಿಯೋರನ್ನ ನಾವು ಜಾತ್ರೆಲಿ ನೋಡಿದೀವಿ. ಇವನು ಹೆತ್ತ ಮಗನಿಗೇ ಹಂಗೆ ಮಾಡಿದ.

ಅಪ್ಪ ಲಾಡ್ಜ್ ಖಾಲಿ ಮಾಡಿ ಊರಿಗೆ ಹೋದ. ಹುಡುಗ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ. ಗಂಟುಮೂಟೆ ಕಟ್ಟಿ ಹೋಗಿಬಿಡೋಣ ಅನ್ನಿಸ್ತು. ಆದ್ರೆ ಎಲ್ಲಿಗೆ ಹೋಗ್ತಾನೆ? ಹೊಟ್ಟೆ ಚುರುಗುಟ್ಟಿತು, ಟಿಫಿನ್ ಕ್ಯಾರಿಯರ್ ಇಲ್ಲ. ಕೊನೆಗೆ ಎದ್ದು, ಯಾರ ಹಾಸಿಗೆಯನ್ನ ಅಪ್ಪ ಸರಿಸಿದ್ನೋ ಅದೇ ಹುಡುಗನ ಮುಂದೆ ನಿಂತು, ನಾನೂ ಮೆಸ್ಸಿಗೆ ಬರ್ಲಾ ಅಂತ ಕೇಳಿದ. ಆ ಹುಡುಗ ಒಂದು ಕ್ಷಣ ನೋಡಿ, ತಟ್ಟೆ ತಗೊಂಡು ಬಾ, ಇವತ್ತು ಚಪಾತಿ ಚರ್ಮದ ಹಾಗಿದೆ ಅಂದ. ಅಲ್ಲಿಂದ ಅವನ ವಿಶ್ವವಿದ್ಯಾಲಯ ಶುರುವಾಯ್ತು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಕೇಳಿದ, ರೂಮಿನವರ ಜೊತೆ ಕೂತು ಓದಿದ, ಅವರ ಜೊತೆ ಗುಡ್ಡ ಸುತ್ತಿದ. ವರ್ಷದ ಕೊನೆಗೆ ಒಳ್ಳೆ ಅಂಕ ತಗೊಂಡು ಪಾಸಾದ.

ಸುದ್ದಿ ಊರಿಗೆ ಹೋಗದೆ ಇರುತ್ತಾ? ಅಪ್ಪ ಪೇಡೆ ಡಬ್ಬ ಹೊತ್ಕೊಂಡು ಬಂದೇಬಿಟ್ಟ. ಗೇಟಲ್ಲಿ ಕಾವಲಿನವನಿಗೆ ಒಂದು ಪೇಡೆ ಕೊಟ್ಟು, ನಾವು ಪಾಸಾದ್ವಿ ಅಂದ. ಎದುರಿಗೆ ಬಂದ ಮಗ ಅದನ್ನ ಕೇಳಿಸ್ಕೊಂಡ. ಸಿಟ್ಟು ಮಾಡಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡಿ, ಎದ್ದು ನಿಂತು ಹೇಳಿದ:

"ಬಿದ್ದಾಗ ನಾನೊಬ್ಬನೇ ಬಿದ್ದಿದ್ದೆ ಅಪ್ಪಾಜಿ. ಎದ್ದವನೂ ನಾನೇ."

ಅಪ್ಪನ ಕೈಲಿ ಡಬ್ಬ ಹಾಗೇ ಉಳೀತು. ಕಲ್ಲು ಮಾರಿದ ಆ ಮನುಷ್ಯನ ಕಣ್ಣಲ್ಲಿ ನೀರು ಬಂತಂತೆ. ಬರಲಿ ಬಿಡಿ, ತಡವಾಗಿಯಾದ್ರೂ ಬಂತಲ್ಲ.

ಈಗ ನೀವೆಲ್ಲ ತಲೆ ಅಲ್ಲಾಡಿಸ್ತಿದೀರಿ. ಪಕ್ಕದ ಮನೆಯವರಿಗೆ ಸ್ವಾಮಿಗಳು ಸರಿಯಾಗಿ ಹೇಳಿದ್ರು ಅಂತ ತಾನೆ? ನಾನು ಹೇಳಿದ್ದು ನಿಮಗೆ. ರಿಸಲ್ಟ್ ಬಂದ ದಿನ ಮಠಕ್ಕೆ ಬಂದು ನಮಗೆ ಇಷ್ಟು ಪರ್ಸೆಂಟು ಅಂದೋರು ನೀವೇ. ಫೇಲಾದ ವರ್ಷ ಮಗನನ್ನ ಹಿಂದೆ ನಿಲ್ಲಿಸ್ಕೊಂಡು, ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಬುದ್ಧಿ ಅಂದೋರೂ ನೀವೇ. ನಾನು ಮರ್ತಿಲ್ಲ.

ಹಾಗಾಗಿ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಉಪವಾಸ ಬೇಡ, ಹರಕೆ ಬೇಡ, ನಾಲಿಗೆ ಒಂದನ್ನ ತಿದ್ದಿಕೊಳ್ಳಿ. ಅರ್ಜಿ ಹಾಕೋದು ಅವರು ಹಾಕಲಿ, ಹೆಸರು ಕೇಳಿದ್ರೆ ಅವರೇ ಹೇಳಲಿ, ಮೆಸ್ಸಿನ ಗಟ್ಟಿ ಚಪಾತಿ ಅವರೇ ಅಗಿಯಲಿ. ಮಗ ಗೆದ್ದು ಬಂದ್ರೆ ಅವನು ಗೆದ್ದ ಅನ್ನಿ, ಮಗಳು ಗೆದ್ದು ಬಂದ್ರೆ ಅವಳು ಗೆದ್ದಳು ಅನ್ನಿ. ಸೋತು, ಮುಖ ಸಣ್ಣ ಮಾಡ್ಕೊಂಡು ಹೊಸ್ತಿಲಲ್ಲಿ ನಿಂತ ದಿನ ಇದೆಯಲ್ಲ, ಆವತ್ತು ಮಾತ್ರ ಆ ಶಬ್ದ ತೆಗೀರಿ. ನಾವು ಸೋತ್ವಿ ಕಂದ, ಬಾ, ಕೈಕಾಲು ತೊಳ್ಕೊ, ಊಟ ಮಾಡೋಣ ಅನ್ನಿ.