ಎರಡು ಬಾವಿ, ಒಂದೇ ಎಂಜಿನ್

ಕರೆಂಟು ಬಂದಾಗ ಬರುತ್ತೆ, ಬಿಡಿ. ಹತ್ರ ಬನ್ನಿ. ಇದನ್ನ ಜೋರಾಗಿ ಹೇಳೋಕೆ ನನಗೆ ಇವತ್ತಿಗೂ ಆಗಲ್ಲ.

ನಮ್ಮ ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡೋನು, ಚಿಕ್ಕೋನು ಅಂತಲೇ ಎಲ್ಲರೂ ಕರೀತಿದ್ದದ್ದು. ಬತ್ತಿದ ಬಾವಿ ಆಳ ಮಾಡೋದು ಅವರ ಕಸುಬು. ಆ ರಾತ್ರಿ ದೊಡ್ಡೋನು ಡೀಸೆಲ್ ಕ್ಯಾನು ಹೊತ್ಕೊಂಡು, ಏದುಸಿರು ಬಿಡ್ತಾ ದಿಬ್ಬ ಇಳೀತಿದ್ದ. ದಿಬ್ಬದ ಮೇಲೊಂದು ಹಳೇ ಬಾವಿ. ಯಾವ ಕಾಲದಲ್ಲೋ ಒಬ್ಬ ಹೆಂಗಸು ಅದಕ್ಕೆ ಬಿದ್ದಳಂತೆ, ಹೆಣ ಸಿಗಲೇ ಇಲ್ಲವಂತೆ. ಹಗಲು ಹೊತ್ತಲ್ಲೂ ಜನ ಸುತ್ತು ಹಾಕಿಕೊಂಡು ಹೋಗ್ತಿದ್ರು. ಇವನಿಗೆ ಸುತ್ತು ಹಾಕೋಕೆ ಪುರುಸೊತ್ತೆಲ್ಲಿತ್ತು? ಕೆಳಗಿನ ಬಾವಿಯಲ್ಲಿ ತಮ್ಮ ಸಿಕ್ಕಿಹಾಕಿಕೊಂಡಿದ್ದ.

ಆದದ್ದು ಹೀಗೆ. ಬತ್ತಿದ ಆ ಬಾವಿಯ ತಳದಿಂದ ಚಿಕ್ಕೋನು ದಿಬ್ಬದ ಕಡೆಗೆ ಅಡ್ಡ ಸುರಂಗ ಕೊರೀತಿದ್ದ. ನೀರು ನೆಲದೊಳಗೂ ಎತ್ತರದಿಂದ ತಗ್ಗಿಗೇ ಹರಿಯುತ್ತಲ್ಲ, ಆ ಸೆಲೆ ಹಿಡಿಯೋಕೆ. ಸಂಜೆ ಸೆಲೆ ಒಡೀತು. ಗಳಗಳ ನುಗ್ಗಿದ ನೀರು ಸುರಂಗದ ಬಾಯಿ ಮುಚ್ಚಿಬಿಡ್ತು... ಚಿಕ್ಕೋನು ಒಳಗೇ ಉಳಿದ. ಸುರಂಗದ ತುದಿ ಒಂದಿಷ್ಟು ಎತ್ತರ. ಅಲ್ಲಿ ಗಾಳಿ ಉಳಿದಿದ್ರೆ ಬದುಕಿರ್ತಾನೆ, ನೀರು ಅಲ್ಲಿಗೂ ಏರಿದ್ರೆ ಮುಗೀತು. ನಮ್ಮ ಹತ್ರ ಇದ್ದದ್ದು ಒಂದೇ ಪಂಪಿನ ಎಂಜಿನ್. ದಡದಡ ಅಂತ ಓಡಿದ್ದೇ ಓಡಿದ್ದು, ನೀರು ಒಂದು ಗೇಣೂ ಇಳಿಯಲಿಲ್ಲ.

ದೊಡ್ಡೋನು ಹಳೇ ಬಾವಿ ದಾಟ್ತಿದ್ದ ಹಾಗೆ ಒಳಗಿಂದ ಸದ್ದು. ಟಣ್... ಟಣ್. ಕಲ್ಲಿಗೆ ಕಬ್ಬಿಣ ತಾಗಿದ ಹಾಗೆ.

ಬಾವಿಯೊಳಗಿಂದ ಕೂಗಿದ್ರೆ ಎಂಜಿನ್ ಗಲಾಟೆಯಲ್ಲಿ ಯಾರಿಗೆ ಕೇಳುತ್ತೆ? ಅದಕ್ಕೇ ಅಣ್ಣತಮ್ಮ ಹಾರೆಯಲ್ಲಿ ಪೈಪಿಗೆ ಬಡೀತಿದ್ರು. ಒಂದು ಸಲ ಬಡಿದ್ರೆ ಎಂಜಿನ್ ನಿಲ್ಲಿಸು, ಎರಡು ಸಲ ಬಡಿದ್ರೆ ಓಡಿಸು. ಅದು ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ.

ಟಣ್... ಟಣ್.

ದೊಡ್ಡೋನು ಬಗ್ಗಿ ನೋಡಿದ. ಕತ್ತಲು. ಆಮೇಲೆ ಕೆಳಗಿಂದ ಪಿಸುದನಿ, ಹೆಂಗಸಿಂದು.

"ಇಲ್ಲಿಂದ ನೀರು ಎಳಿ, ಮಗಾ..."

ಅವನು ಓಡಿ ಬಂದ. ಬಂದವನೇ ಎಂಜಿನ್ ಆರಿಸಿ ಬೋಲ್ಟು ಬಿಚ್ಚೋಕೆ ಕೂತ. ತಲೆಗಿಲೆ ಕೆಟ್ಟಿದ್ಯೇನೋ ಅಂತ ನಾನೇ ಬೈದೆ. ಚಿಕ್ಕೋನ ಹೆಂಡ್ತಿ ಎಂಜಿನ್ನನ್ನ ತಬ್ಬಿ ಹಿಡಿದಳು. ಕಾದ ಕಬ್ಬಿಣ, ಅವಳಿಗೆ ಗೊತ್ತೇ ಆಗಲಿಲ್ಲ.

"ಭಾವ, ಇದನ್ನ ತೆಗೆದ್ರೆ ಅವರು ಮುಳುಗ್ತಾರೆ."

"ಇಟ್ರೂ ಮುಳುಗ್ತಾನಮ್ಮ. ಮೇಲಿನ ಬಾವಿ ಖಾಲಿ ಆಗದೆ ಇದು ಇಳಿಯಲ್ಲ."

"ಯಾರು ಹೇಳಿದ್ರು ನಿಮಗೆ?"

ಅವನು ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಅವಳು ಕೈ ಬಿಟ್ಟಳು. ಹೇಗೆ ಬಿಟ್ಟಳೋ... ನಾನಾಗಿದ್ರೆ ಬಿಡ್ತಿರಲಿಲ್ಲ.

ಗಂಡಸರು ಎಂಜಿನ್ ಹೊತ್ತು ದಿಬ್ಬ ಹತ್ತಿದ್ರು. ಕೆಳಗೆ ನಾವಿಬ್ಬರೇ. ಟಾರ್ಚು ನನ್ನ ಕೈಲಿತ್ತು. ಬಾವಿಯ ಒಂದು ವರಸೆ ಕಲ್ಲು ಮುಳುಗ್ತು. ಇನ್ನೊಂದು ವರಸೆ. ಅವಳು ತನ್ನ ಕೈಯನ್ನೇ ಕಚ್ಚಿಕೊಂಡು ಕೂತಿದ್ದಳು. ಮೇಲಿಂದ ಫಟ್... ಫಟ್... ಆಮೇಲೆ ದಡದಡ. ಎಂಜಿನ್ ಓಡ್ತಿದೆ, ನೀರು ಮಾತ್ರ ಏರ್ತಾನೇ ಇದೆ. ಮತ್ತೊಂದು ಕಲ್ಲು ಹೋಯ್ತು. ಸುಳ್ಳು ಯಾಕೆ ಹೇಳ್ಲಿ, ಮನಸ್ಸಲ್ಲಿ ನಾನು ಆಗಲೇ ಅವನ ಆಸೆ ಬಿಟ್ಟಿದ್ದೆ. ದೊಡ್ಡಮ್ಮನಿಗೆ ಏನಂತ ಹೇಳೋದು ಅಂತ ಮಾತು ಹುಡುಕ್ತಿದ್ದೆ.

ಎಷ್ಟೋ ಹೊತ್ತಾದ ಮೇಲೆ, ಗುಳುಕ್.

ಅಷ್ಟೇ, ಒಂದು ಸಲ. ಟಾರ್ಚಿನ ಬೆಳಕು ಬಿಟ್ಟೆ. ನೀರಿನ ಮೇಲೆ ಒಂದು ಬೆರಳಷ್ಟು ಒದ್ದೆ ಕಲ್ಲು ಕಾಣಿಸ್ತು. ಆಮೇಲೆ ಎರಡು ಬೆರಳು. ಬೆಳಗಾಗೋ ಹೊತ್ತಿಗೆ ಸುರಂಗದ ಬಾಯಿ ಬಿಟ್ಕೊಂಡಿತು. ದೊಡ್ಡೋನು ಸೊಂಟದುದ್ದ ನೀರಲ್ಲಿ ಒಳಗೆ ಹೋಗಿ ತಮ್ಮನನ್ನ ಹೆಗಲ ಮೇಲೆ ಹಾಕ್ಕೊಂಡು ಬಂದ. ಜೀವ ಇತ್ತು! ರಾತ್ರಿಯೆಲ್ಲ ಕತ್ತಿನವರೆಗೆ ನೀರಲ್ಲಿದ್ದವನು ಬಾಯಿಬಿಟ್ಟು ಮೊದಲು ಕೇಳಿದ್ದೇನು ಗೊತ್ತಾ? ಕುಡಿಯೋಕೆ ನೀರು. ನಗಬೇಕೋ ಅಳಬೇಕೋ ನಮಗೆ ತಿಳೀಲಿಲ್ಲ.

ಹಳೇ ಬಾವಿ ಪೂರ್ತಿ ಖಾಲಿಯಾಗಿತ್ತು. ಅದರ ತಳ ನಮ್ಮ ಬಾವಿಯ ತಳಕ್ಕಿಂತ ಕೆಳಗಿತ್ತು, ಇಲ್ಲಿನ ನೀರು ಸೆಲೆ ಹಿಡಿದು ವಾಪಸ್ ಅಲ್ಲಿಗೇ ಹರಿದಿತ್ತು. ಗಂಡಸರು ಇಳಿದು ಹುಡುಕಿದ್ರು. ಬರೀ ಕೆಸರು, ಬೇರೇನೂ ಇರಲಿಲ್ಲ.

ಚಿಕ್ಕೋನ ಹೆಂಡ್ತಿ ತಲೆ ಒರೆಸೋಕೆ ಟವೆಲ್ ತಂದಳು. ತಲೆಗೆ ಟವೆಲ್ ಒತ್ತಿದವಳ ಕೈ ಹಾಗೇ ನಿಂತಿತು. ಮೈಯೆಲ್ಲ ಕೆಸರು, ಬಟ್ಟೆಯೆಲ್ಲ ತೊಯ್ದು ತೊಪ್ಪೆ. ತಲೆ ಮಾತ್ರ ಒಣಗಿತ್ತು. ಕೂದಲಿಗೆ ತುಂಬ ಎಣ್ಣೆ ಹಚ್ಚಿ, ಪಕ್ಕಕ್ಕೆ ಬೈತಲೆ ತೆಗೆದು, ಮಗುವನ್ನ ಸ್ಕೂಲಿಗೆ ಕಳಿಸೋವಾಗ ಬಾಚೋ ಹಾಗೆ ಯಾರೋ ನೀಟಾಗಿ ಬಾಚಿದ್ರು.

ನೀವು ನಂಬಿ, ಬಿಡಿ. ಆ ಟವೆಲ್ ಒಗೆದೋಳು ನಾನು. ಎರಡು ಸಲ ಸೋಪು ಹಾಕಿ ಉಜ್ಜಿದ್ರೂ ಎಣ್ಣೆ ಜಿಡ್ಡು ಬಿಡಲಿಲ್ಲ.