ಅಪ್ಪನ ನೆಗಡಿ

ನಿನ್ನೆ ಮಠದಲ್ಲಿ ನನ್ನ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವಾಗ ಕಸ್ತೂರೆವ್ವನವರು ನನ್ನ ಹತ್ತಿರ ಬಂದರು. "ಅಜ್ಜಾರ, ಬರೂ ತಿಂಗಳ ನಾವು ನಾಕೂ ಮಂದಿ ಹರಿದ್ವಾರಕ್ಕ ಹೊಂಟೇವ್ರಿ. ರೈಲಿನ್ಯಾಗ ಎ.ಸಿ. ಡಬ್ಬಿಯೊಳಗ ಎರಡ ಸೀಟ ಸಿಕ್ಕಾವು, ಇನ್ನೆರಡು ಸ್ಲೀಪರಿನ್ಯಾಗ ಅದಾವು. ನಮ್ಮನಿಯವರು, ನಾವಿಬ್ರು ಎ.ಸಿ.ಯೊಳಗ ಹೋಗೂಣು, ಹುಡುಗ್ರು ಸ್ಲೀಪರಿನ್ಯಾಗ ಬರ್ಲಿ ಅಂತಾರ. ಹಡದವರು ತಂಪಿನ್ಯಾಗ ಮಲಗಿ ಮಕ್ಕಳನ್ನ ಸೆಕಿಯೊಳಗ ಬಿಟ್ರ ದೇವರು ಮೆಚ್ಚತಾನೇನ್ರಿ?" ಎಂದು ಕೇಳಿದರು.

ಮಕ್ಕಳು ಎಷ್ಟು ದೊಡ್ಡವರು ತಾಯಿ ಎಂದೆ. ಹುಡುಗನಿಗೆ ಹದಿನೇಳು, ಹುಡುಗಿಗೆ ಹದಿನೈದು ಎಂದರು. ನಾನು ತೊಟ್ಟಿಲ ಕೂಸುಗಳ ಮಾತೇನೋ ಎಂದುಕೊಂಡಿದ್ದೆ. ನಾಳೆ ಎಲ್ಲರೆದುರಿಗೇ ಉತ್ತರ ಹೇಳುತ್ತೇನೆ ಎಂದು ಕಳಿಸಿದೆ. ಯಾಕೆಂದರೆ ಇದು ಅವರೊಬ್ಬರ ಮನೆಯ ಪ್ರಶ್ನೆಯಲ್ಲ ನೋಡಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದರೆ ಆನೆ, ಅರಮನೆ ಅಂದುಕೊಳ್ಳಬೇಡಿ. ಎರಡು ಹಿಟ್ಟಿನ ಗಿರಣಿ, ಒಂದು ಖಾರ ಕುಟ್ಟುವ ಯಂತ್ರ. ಅಷ್ಟಿದ್ದರೆ ನಮ್ಮ ಕಡೆ ಸಾಹುಕಾರನೇ. ಹೆಂಡತಿ, ಒಬ್ಬ ಮಗಳು, ಒಬ್ಬ ಮಗ. ಮಗಳಿಗೆ ಆರು ವರ್ಷವಿದ್ದಾಗ ಒಂದು ಮದುವೆಗೆ ಹೊರಟರು. ಎ.ಸಿ. ಬಸ್ಸಿನಲ್ಲಿ ಮೂರೇ ಸೀಟು ಉಳಿದಿದ್ದವು. ಹೆಂಡತಿ ಮಕ್ಕಳನ್ನು ಅದರಲ್ಲಿ ಕೂರಿಸಿ, ತಾನು ಹಿಂದೆ ಬರುವ ಕೆಂಪು ಬಸ್ಸಿಗೆ ಬರುತ್ತೇನೆಂದು ಇಳಿದ. ಮಗಳು ಅಳತೊಡಗಿದಳು. ಅಪ್ಪನೂ ಬರಬೇಕು ಎಂದು ಹಟ.

"ನನಗ ಎ.ಸಿ. ಆಗಿ ಬರೂದಿಲ್ಲವ್ವ, ನೆಗಡಿ ಆಗ್ತೈತಿ" ಎಂದ. ಎಂದವನೇ ಎರಡು ಸಲ ಸೀನಿ ತೋರಿಸಿದ. ಮಗಳು ನಕ್ಕಳು. ಬಸ್ಸು ಹೊರಟಿತು.

ಅಲ್ಲಿಗೆ ಮುಗಿಯಿತೇ? ಮುಗಿಯಲಿಲ್ಲ. ಒಂದು ಸುಳ್ಳು ಕಾಯಲು ನೂರು ಸುಳ್ಳು ಬೇಕಲ್ಲ. ಅಂದಿನಿಂದ ಅವನು ಎ.ಸಿ. ಇದ್ದ ಕಲ್ಯಾಣ ಮಂಟಪದಲ್ಲಿ ಸೀನಿದ, ಬಟ್ಟೆ ಅಂಗಡಿಯಲ್ಲಿ ಸೀನಿದ, ನೆಂಟರ ಕಾರಿನಲ್ಲೂ ಸೀನಿದ. ಹೆಂಡತಿಯೂ ಹಾಗೆಯೇ. ಕಿಟಕಿ ಪಕ್ಕ ಮಕ್ಕಳಿಗೆ, ಮುಂದಿನ ಸೀಟು ಮಕ್ಕಳಿಗೆ, ತನಗೆ ಮಾತ್ರ ಹಿಂದಿನ ಮೂಲೆಯೇ ಆರಾಮ ಅನ್ನುತ್ತಿದ್ದಳು. ಮಕ್ಕಳು ನಂಬಿದರು. ಮಕ್ಕಳ ತಪ್ಪೇನಿದೆ ಹೇಳಿ. ದಿನಾ ಕಣ್ಣೆದುರು ಸೀನುವವನಿಗೆ ನೆಗಡಿ ಇಲ್ಲ ಎಂದು ಯಾರು ಅಂದುಕೊಳ್ಳುತ್ತಾರೆ?

ಹನ್ನೊಂದು ವರ್ಷ ಕಳೆಯಿತು. ಬೇಸಿಗೆಯಲ್ಲಿ ಕಾಶಿಗೆ ಹೊರಟರು. ಕಸ್ತೂರೆವ್ವನವರ ಹಾಗೆಯೇ, ಎರಡು ಸೀಟು ಎ.ಸಿ.ಯಲ್ಲಿ, ಎರಡು ಸ್ಲೀಪರಿನಲ್ಲಿ. ಯಾರು ಎಲ್ಲಿ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹದಿನೇಳರ ಮಗಳು, ಹದಿನೈದರ ಮಗ ತಂಪಿನ ಡಬ್ಬಿಗೆ ನಡೆದರು. ಗಿರಣಿಯಲ್ಲಿ ನಿಂತು ನಿಂತು ಮಂಡಿ ಸವೆದ ತಾಯಿ ಸ್ಲೀಪರ್ ಡಬ್ಬಿ ಹತ್ತಿದಳು.

ಎರಡನೆಯ ದಿನ ಮಧ್ಯಾಹ್ನ. ರೊಟ್ಟಿ ಬುತ್ತಿಯ ಚೀಲ ತಾಯಿಯ ಹತ್ತಿರ ಉಳಿದಿತ್ತು. ತರಲು ಮಗಳು ಡಬ್ಬಿ ದಾಟಿ ದಾಟಿ ಬಂದಳು. ಏನು ನೋಡಿದಳು? ತಾಯಿಯ ಸೀಟಿನಲ್ಲಿ ನಾಲ್ಕು ಜನ. ತಾಯಿ ಒಂದು ಅಂಚಿನಲ್ಲಿ ಕೂತಿದ್ದಾಳೆ, ಎರಡೂ ಪಾದ ಬಾತು ಚಪ್ಪಲಿಯೊಳಗೆ ಹಿಡಿಸುತ್ತಿಲ್ಲ. ತಂದೆ ತನ್ನ ಸೀಟನ್ನು ಯಾರೋ ಬಸುರಿಗೆ ಕೊಟ್ಟು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಕಂಬಿ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದಾನೆ.

ಮಗಳನ್ನು ಕಂಡದ್ದೇ ತಡ, ನೆಟ್ಟಗಾದ. "ಬಾರವ್ವ. ಏನ್ ಗಾಳಿ ಬರ್ತೈತಿ ಅಂತಿ ಇಲ್ಲೆ. ನಿಮ್ಮ ಎ.ಸಿ. ಯಾರಿಗ ಬೇಕು" ಎಂದು ನಕ್ಕ.

ಈಗ ನೋಡಿ, ಆ ಹುಡುಗಿ ಅಳಬಹುದಿತ್ತು. ಇಷ್ಟು ವರ್ಷ ಸುಳ್ಳು ಹೇಳಿದಿಯಲ್ಲ ಎಂದು ಜನರೆದುರು ಜಗಳ ತೆಗೆಯಬಹುದಿತ್ತು. ಬುತ್ತಿ ತೆಗೆದುಕೊಂಡು ಸುಮ್ಮನೆ ಹೋಗಲೂಬಹುದಿತ್ತು, ನಾವೆಲ್ಲ ಹೋದ ಹಾಗೆ. ಅವಳು ಏನು ಮಾಡಿದಳು ಗೊತ್ತೇ? ಸೀನಿದಳು. ಎರಡು ಸಲ ಸೀನಿದಳು. "ಅಪ್ಪಾ, ನನಗ ಎ.ಸಿ. ಆಗಿ ಬರವಲ್ದು. ನೆಗಡಿ ಆಗೇತಿ. ನೀವಿಬ್ರು ಅಲ್ಲಿಗೆ ಹೋಗ್ರಿ, ನಾವು ಇಲ್ಲಿಗೆ ಬರ್ತೇವಿ" ಎಂದಳು.

ತಂದೆ ಅವಳ ಮುಖ ನೋಡಿದ. ಹನ್ನೊಂದು ವರ್ಷ ಸುಳ್ಳು ಸೀನಿದವನಿಗೆ ಸುಳ್ಳು ಸೀನು ಗೊತ್ತಾಗುವುದಿಲ್ಲವೇ? "ಬ್ಯಾಡವ್ವ, ನನಗ ಬ್ಯಾಡ" ಎಂದ. ಆಗ ಅಂಚಿನಲ್ಲಿ ಕೂತ ತಾಯಿ ಮೆಲ್ಲಗೆ ಅಂದಳು, "ನಡೀರಿ ಹೋಗೂಣು. ಹುಡುಗಿ ಕೊಡಾಕತ್ತಾಳ, ತಗೊಳ್ಳಾಕ ಕಲೀರಿ."

ಟಿ.ಸಿ.ಗೆ ಹೇಳಿ ಜಾಗ ಬದಲಿಸಿಕೊಂಡರು. ಮಗನಿಗೆ ಮಾತ್ರ ಸಿಟ್ಟು. ಬೆವರು ಒರೆಸಿಕೊಳ್ಳುತ್ತ "ಅಕ್ಕಾ, ನಿನಗೆಲ್ಲಿ ನೆಗಡಿ ಐತಿ?" ಎಂದ.

"ನಂದಲ್ಲೋ ತಮ್ಮ, ಅಪ್ಪಂದು. ಹನ್ನೊಂದು ವರ್ಷ ಅಂವ ಇಟ್ಕೊಂಡಿದ್ದ, ಈಗ ನಾ ಇಸ್ಕೊಂಡೆ" ಎಂದು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು.

ಹುಡುಗ ಮೂರನೆಯ ಸ್ಟೇಷನ್ನಿನಲ್ಲಿ ಇಳಿದು ತಣ್ಣೀರು ತುಂಬಿಕೊಂಡು ಅವ್ವನಿಗೆ ಕೊಡಲು ಹೋದ. ಹೋಗಿ ನೋಡಿದರೆ ತಾಯಿ ಕಾಲು ಚಾಚಿ ಮಲಗಿದ್ದಾಳೆ. ತಂದೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಹುಡುಗ ಬಾಟಲಿ ಹಿಡಿದು ತುಂಬ ಹೊತ್ತು ಅಲ್ಲೇ ನಿಂತ. ಎಬ್ಬಿಸದೆ ವಾಪಸು ಬಂದು ಇಷ್ಟೇ ಹೇಳಿದ, "ಅಕ್ಕಾ, ಅಪ್ಪ ಒಂದ ಸಲಾನೂ ಸೀನಲಿಲ್ಲ."

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು, ನಿಮಗೆ ಗೊತ್ತಿದೆ. ನಮ್ಮ ಜನ ಜಾಣರು, ಮೊದಲೇ ಸೇರದ ಹಾಗಲಕಾಯಿ ಬಿಟ್ಟು ಬರುತ್ತಾರೆ. ಈ ಸಾಹುಕಾರ ಗಂಗೆಯಲ್ಲಿ ನಿಂತ. ಏನು ಬಿಡುತ್ತೀ ಎಂದು ಪುರೋಹಿತರು ಕೇಳಿದರು. ಅವನು ಮಕ್ಕಳ ಕಡೆ ನೋಡಿ, "ನನಗ ಬ್ಯಾಡ ಅನ್ನೂ ಮಾತು ಬಿಟ್ಟೇನ್ರಿ" ಎಂದ. ಮೂರು ಸಲ ಮುಳುಗಿ ಎದ್ದ.

ಕಸ್ತೂರೆವ್ವನವರೇ, ನಿಮ್ಮ ಉತ್ತರ ಸಿಕ್ಕಿತೇ? ಎ.ಸಿ.ಯಲ್ಲಿ ಹೋಗಿ ತಾಯಿ. ಹೊದ್ದುಕೊಂಡು ಮಲಗಿ. ನೀವು ಬೇಡ ಅಂದಾಗಲೆಲ್ಲ ಮಕ್ಕಳು ಏನು ಕಲಿಯುತ್ತಾರೆ? ತ್ಯಾಗ ಕಲಿಯುತ್ತಾರೆ ಅಂದುಕೊಂಡಿದ್ದೀರಿ. ಅವರು ಕಲಿಯುವುದು ಅವ್ವನಿಗೆ ಏನೂ ಬೇಡ ಅನ್ನುವುದನ್ನು ಮಾತ್ರ. ತಗೊಳ್ಳುವ ಕೈಯೇ ಇಲ್ಲದಿದ್ದರೆ ಕೊಡುವ ಕೈ ಹೇಗೆ ಕಲಿತೀತು? ಆದರೆ ಒಂದು. ಹುಡುಗರನ್ನು ಸ್ಲೀಪರಿಗೆ ಅಟ್ಟಬೇಡಿ. ನಮಗೆ ಮಂಡಿ ನೋಯುತ್ತದೆ, ನೀವು ಆ ಕಡೆ ಹೋಗುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ಅವರು ಕೊಡಲಿ.

ಇನ್ನು ಹುಡುಗರೇ, ಅಲ್ಲಿ ಹಿಂದೆ ಕುರ್ಚಿಯ ಮೇಲೆ ಕೂತವರೇ, ನಿಮ್ಮ ಅಜ್ಜಿಯರು ಇಲ್ಲಿ ಜಮಖಾನೆಯ ಮೇಲೆ ಕೂತಿದ್ದಾರೆ ನೋಡಿ. ಬೈಯುತ್ತಿಲ್ಲ. ನಾನೂ ನಿಮ್ಮಂಥವನೇ. ನನ್ನನ್ನು ಹಡೆದವಳು ಸಂತೆಯ ಬಸ್ಸಿನಲ್ಲಿ ಒಂದು ಸೀಟು ಸಿಕ್ಕರೆ ನನ್ನನ್ನು ಕೂರಿಸಿ ತಾನು ನಿಂತೇ ಬರುತ್ತಿದ್ದಳು. "ಕುಂತ್ರ ತಲಿ ತಿರಗತೈತಿ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಕಾವಿ ತೊಟ್ಟ ಮೇಲೂ ನಂಬಿದ್ದೆ. ಈಗ ಅವಳಿಲ್ಲ. ನೀವು ಭಕ್ತಿಯಿಂದ ನನ್ನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದಾಗಲೆಲ್ಲ, ಕಂಬಿ ಹಿಡಿದ ಆ ಕೈ ನೆನಪಾಗುತ್ತದೆ. ಆ ಸುಳ್ಳಿಗೆ ನಾನು ದಿನಾ ಶರಣು ಅನ್ನುತ್ತೇನೆ. ಅದರ ಮೇಲೆ ಕೂತೇ ಇಷ್ಟು ದೂರ ಬಂದೆ.

ನಾನು ಸೀನಿ ತೋರಿಸೋಣವೆಂದರೆ ಎದುರಿಗೆ ಯಾರೂ ಉಳಿದಿಲ್ಲ. ನಿಮಗೆ ಇನ್ನೂ ಇದ್ದಾರೆ. ಹೊರಗೆ ನಿಮ್ಮ ಗಾಡಿಗಳು ನಿಂತಿವೆ. ಪ್ರಸಾದ ಮುಗಿಸಿ ಹೋಗುವಾಗ ಮುಂದಿನ ಬಾಗಿಲನ್ನು ಯಾರಿಗೆ ತೆರೆಯುತ್ತೀರೋ ನೋಡುತ್ತೇನೆ. ಇವತ್ತು ನಾನು ಮಠದ ಬಾಗಿಲಲ್ಲೇ ನಿಂತಿರುತ್ತೇನೆ.