ನಕ್ಕರಾ, ಅಣ್ಣಾ?

ಯಾರೋ ಹೇಳಿದ್ದಲ್ಲ ಇದು. ನಮ್ಮ ಪಕ್ಕದ ಮನೆ ಆರ್ಬಿನ್ ಸೈಜ್‌ಮೋರನಿಗೆ, ಇದೇ ಕೆಂಟಕಿಯ ಗುಡ್ಡದ ಸಂದಿಯಲ್ಲಿ ಆದದ್ದು.

ಊರವರ ಶನಿವಾರದ ಹಾಡಿನ ಕೂಟದಲ್ಲಿ ಹಾಡಿ ಒಬ್ಬನೇ ಬರುತ್ತಿದ್ದ. ಎಂಬತ್ತರ ಹತ್ತಿರದ ಮುದುಕ. ಕತ್ತಲಲ್ಲಿ ಗಾಡಿ ಓಡಿಸಲು ಕಣ್ಣು ಸಾಲದು, ನಡೆದೇ ಬರಬೇಕು. ಕೈಯಲ್ಲಿ ಗಿಟಾರಿನ ಪೆಟ್ಟಿಗೆ. ಅದರ ಸಡಿಲ ಕೊಂಡಿ... ಟಿಕ್... ಟಿಕ್...

ಅವತ್ತು ಜನ ಬಿದ್ದು ಬಿದ್ದು ನಕ್ಕಿದ್ದರು. ಹಾಡಿಗಲ್ಲ. ಅವನ ಗಂಟಲು ಹೋಗಿ ವರ್ಷಗಳಾಗಿದ್ದವು. ಮೇಲಿನ ಸ್ವರಕ್ಕೆ ಹೋದರೆ ಒಡಕು ಮಡಕೆ. ಅದಕ್ಕೇ ನಡುನಡುವೆ, ಸತ್ತ ತಮ್ಮ ಹೋಬರ್ಟನನ್ನು ಅಣಕಿಸುತ್ತಿದ್ದ.

ಅಣ್ಣ ತಮ್ಮ ಜೋಡಿಯಾಗಿ ಹಾಡಿದವರು. ಹೋಬರ್ಟನಿಗೆ ಉಗ್ಗು. ಹಾಡುವಾಗ ಒಂದಕ್ಷರ ತಡೆಯುತ್ತಿರಲಿಲ್ಲ. ಮಾತಿಗೆ ಬಾಯಿ ತೆರೆದರೆ ಮುಖ ಕೆಂಪಾಗಿ ನಿಂತುಬಿಡುತ್ತಿದ್ದ. ಹುಡುಗಿಯೊಬ್ಬಳನ್ನು 'ಮದುವೆಯಾಗ್ತೀಯಾ' ಅಂತ ಕೇಳಲು ಹೋದನಂತೆ, ಮಾತು ಮುಗಿಯುವಷ್ಟರಲ್ಲಿ ಅವಳಿಗೆ ಬೇರೆಯವನಿಂದ ಮಗುವೂ ಆಗಿತ್ತಂತೆ... ಆರ್ಬಿನ್ ಇದನ್ನು ಮಾಡಿ ತೋರಿಸುತ್ತಿದ್ದ. ನಿಜದಲ್ಲಿ ಹೋಬರ್ಟ್ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಾ, ಸಾಯುವವರೆಗೂ ಒಂಟಿಯಾಗೇ ಇದ್ದ.

ಚರ್ಚಿನ ಹಳೇ ಬಾವಿ ಬಂತು.

ಕೊಂಡಿಯ ಸದ್ದು ನಿಂತಿತು. ಬೆನ್ನ ಹಿಂದೆ ಉಸಿರು... ಗೊರ್ರ್... ಗೊರ್ರ್... ಕಲ್ಲಿದ್ದಲ ದೂಳು ಕುಡಿದ ಎದೆಯ ಉಸಿರು.

"ಅ... ಅ... ಅಣ್ಣಾ."

ಆರ್ಬಿನ್ ತಿರುಗಲಿಲ್ಲ.

"ನ... ನಕ್ಕರಾ?"

"ಹೂಂ ಕಣೋ."

"ತು... ತುಂಬಾ?"

"ತುಂಬಾ."

ಉಸಿರು ಇನ್ನಷ್ಟು ಹತ್ತಿರ ಬಂತು... ಗೊರ್ರ್...

"ಒ... ಒಳ್ಳೇದೇ ಆಯ್ತು ಬಿಡು. ನಿ... ನಿನಗೆ ಗಂಟಲು ಹೋಯ್ತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಮುದುಕ ಇದ್ದಲ್ಲೇ ಕುಗ್ಗಿಹೋದ. ತಪ್ಪಾಯ್ತು ಅನ್ನದೆಯೇ, ಮೊಣಕಾಲು ನೋವು ಮರೆತು ಓಡಿದ. ಬಾಗಿಲು ಹಾಕಿ ಚಿಲಕ ಜಡಿದ.

ಹೆಂಡತಿ ಓಪಲ್ ಮಲಗಿದ್ದಲ್ಲಿಂದಲೇ ಕೇಳಿದಳು, "ಜೊತೆಗೆ ಬಂದಿದ್ದು ಯಾರು?"

"ಯಾರೂ ಇಲ್ಲ."

"ಇಲ್ಲ ಅಂದ್ರೆ? ಚರಕ್ ಚರಕ್ ಅಂತ ಬೂಟು ಒರೆಸ್ಕೋತಾ ಇದಾರಲ್ಲ ಬಾಗಿಲಲ್ಲಿ. ಇಷ್ಟು ಚಳೀಲಿ... ಒಳಗೆ ಕರೀಬಾರದಾ?"

ಅವನು ಕರೆಯಲಿಲ್ಲ.

ಮುಂದಿನ ಶನಿವಾರ ಜನ ಕೂಗಿದರು, "ಏ ಆರ್ಬಿನ್, ಆ ಉಗ್ಗನ್ನ ಮಾಡು!"

ಆರ್ಬಿನ್ ಟೋಪಿ ತೆಗೆದ. "ಉಗ್ಗ ಅಲ್ಲ. ನನ್ನ ತಮ್ಮ ಹೋಬರ್ಟ್. ನಿಮ್ಮ ನಗುವಿಗೋಸ್ಕರ ಅವನ ಮಾನ ಕಳೆದೆ. ಇನ್ನು ಮಾಡಲ್ಲ," ಅಂದ. ಒಡಕು ದನಿಯಲ್ಲೇ ಹಾಡಿದ. ಅರ್ಧ ಜನ ಎದ್ದು ಹೋದರು. ಬರುವಾಗ ಬಾವಿಯ ಹತ್ತಿರ ನಿಂತು ತಮ್ಮನ ಹೆಸರು ಹಿಡಿದು ಕರೆದ. ಮನೆಗೆ ಬಾರೋ ಅಂದ. ಯಾರೂ ಓಗೊಡಲಿಲ್ಲ.

ಇವತ್ತಿಗೂ ಹಾಡುತ್ತಾನೆ. ಕೇಳುವವರು ಎರಡು ಬೆಂಚಿನಷ್ಟು ಜನ. ತಲೆ ಎತ್ತಿ ಯಾರನ್ನೂ ನೋಡುವುದಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅವನು ಓಡಿಬಂದ ರಾತ್ರಿ ಕಳೆದ ಬೆಳಗ್ಗೆ ಓಪಲ್ ನನ್ನನ್ನು ಕೂಗಿ ಕರೆದಳು. ನೆಲವೆಲ್ಲ ಹೆಪ್ಪುಗಟ್ಟಿ ಕಲ್ಲಾಗಿದ್ದ ವಾರ ಅದು. ಊರಲ್ಲೆಲ್ಲೂ ಕೆಸರಿರಲಿಲ್ಲ. ಅವರ ಕಾಲೊರಸಿನ ಮೇಲೆ ಮಾತ್ರ... ಕಲ್ಲಿದ್ದಲ ಕಪ್ಪು ಕೆಸರು.

ಬಗ್ಗಿ ಮುಟ್ಟಿದೆ. ದೇವರಾಣೆ, ಬೆಚ್ಚಗಿತ್ತು.